ಮರಳಿಯ ಗೋಲ್‌ಕೀಪರಳ ಮೂವತ್ತೆಂಟು ನಿಮಿಷ

ನನ್ನ ಅಂತರರಾಷ್ಟ್ರೀಯ ಐಸ್ ಹಾಕಿ ಜೀವನ ಒಟ್ಟು ಮೂವತ್ತೆಂಟು ನಿಮಿಷದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಗಂಗಾವತಿಯಲ್ಲಿ ನನಗೆ ಸನ್ಮಾನ ಮಾಡಿದವರು ‘ದೇಶಕ್ಕಾಗಿ ಎಂಟು ವರ್ಷ ಆಡಿದ ವೀರವನಿತೆ’ ಎಂದು ಬ್ಯಾನರಿನಲ್ಲಿ ಬರೆಸಿದ್ದರು. ಆಡಿದ್ದು ಮೂವತ್ತೆಂಟು ನಿಮಿಷ, ಮಿಕ್ಕಿದ್ದೆಲ್ಲ ಆಡಲು ಕಾದದ್ದು. ಬ್ಯಾನರಿನ ಮೇಲಿದ್ದ ಫೋಟೋ ಮಾತ್ರ ನನ್ನದೇ. ಆದರೆ ಗೋಲ್‌ಕೀಪರಳ ಮುಖದ ಮುಂದೆ ಕಬ್ಬಿಣದ ಜಾಳಿಗೆ ಇರುತ್ತದಲ್ಲ, ಹಾಗಾಗಿ ನಮ್ಮವ್ವನೇ ಅದನ್ನು ಒಪ್ಪಲಿಲ್ಲ.

“ಇದರೊಳಗ ಯಾರದಾರ ಅಂತ ನಾ ಹೆಂಗ ಹೇಳ್ಲಿ?” ಎಂದಳು. “ಯಾರರ ಕೇಳಿದ್ರ ಹೂಂ ಅಂತೀನಿ. ಆಣಿ ಮಾಡು ಅಂದ್ರ ಮಾಡಂಗಿಲ್ಲ.”

ನನ್ನ ಹೆಸರು ಸುಂಕಲಮ್ಮ. ಊರು ಗಂಗಾವತಿ ಹತ್ತಿರದ ಮರಳಿ. ಅಪ್ಪ ಆದೆಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ಅವ್ವ ಅನುಸೂಯಾ ಬೇರೆಯವರ ಗದ್ದೆಗೆ ಕೂಲಿಗೆ ಹೋಗುವವಳು. ತಮ್ಮ ಕೃಷ್ಣನಿಗೆ ಮೊಬೈಲ್ ರಿಪೇರಿ ಅಂಗಡಿ. ನಮ್ಮ ಮನೆಯಲ್ಲಿ ಮಂಜುಗಡ್ಡೆ ಎಂದರೆ ಸೈಕಲ್ಲಿನ ಮೇಲೆ ಬರುವ ಐಸ್‌ಕ್ಯಾಂಡಿ, ಅದೂ ಪರೀಕ್ಷೆ ಪಾಸಾದ ದಿನ ಮಾತ್ರ. ನಾನು ಅದನ್ನು ಹೆಚ್ಚು ತಿಂದವಳಲ್ಲ.

ಗಡಿ ಕಾಯುವ ಪಡೆಗೆ ಸೇರಬೇಕೆಂದು ಎರಡು ವರ್ಷ ಕಾಲುವೆ ದಂಡೆಯ ಮೇಲೆ ಓಡಿ ತಯಾರಾದವಳು ನಾನಲ್ಲ, ನನ್ನ ಗೆಳತಿ ಮಲ್ಲೇಶ್ವರಿ. ಒಬ್ಬಳನ್ನೇ ದೂರದ ನೇಮಕಾತಿ ಶಿಬಿರಕ್ಕೆ ಕಳಿಸಲು ಅವರ ಮನೆಯಲ್ಲಿ ಒಪ್ಪುವುದಿಲ್ಲವೆಂದು ನನ್ನ ಹೆಸರಿನಲ್ಲೂ ಅರ್ಜಿ ಹಾಕಿಸಿದ್ದಳು. ನಾನು ಹೋದದ್ದು ಅವಳಿಗೆ ಜೊತೆಯಾಗಿ, ಬುತ್ತಿ ಹೊತ್ತುಕೊಂಡು. ಎತ್ತರ ಅಳೆಯುವಾಗ ಅವಳು ಒಂದು ಸೆಂಟಿಮೀಟರ್ ಕಡಿಮೆ ಬಿದ್ದಳು. ನಾನು ಅಳತೆ, ಓಟ, ಬರವಣಿಗೆ ಎಲ್ಲದರಲ್ಲೂ ದಾಟಿಬಿಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಅತ್ತೆವು. ಅವಳು ನೌಕರಿ ಸಿಗಲಿಲ್ಲವೆಂದು, ನಾನು ಸಿಕ್ಕಿತೆಂದು. ಮಲ್ಲೇಶ್ವರಿ ಈಗ ಕುಷ್ಟಗಿಯಲ್ಲಿ ಟೀಚರ್. ಮಕ್ಕಳಿಗೆ ನನ್ನ ಕತೆ ಹೇಳುವಾಗ ‘ನನ್ನ ಬುತ್ತಿ ಹೊತ್ತಾಕಿ’ ಎಂದೇ ಶುರು ಮಾಡುತ್ತಾಳಂತೆ.

ತರಬೇತಿ ಮುಗಿದು ಲಡಾಖಿಗೆ ಹಾಕಿದರು. ಮೊದಲ ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಹಾಜರಿಯ ಹೊತ್ತಿಗೆ ಅಧಿಕಾರಿಗಳು ಹಿಂದಿಯಲ್ಲಿ ಏನೋ ಹೇಳಿ, ಕೈ ಎತ್ತಿ ಎಂದರು. ನನ್ನ ಹಿಂದಿ ಆಗ ‘ಹಾಂ ಜೀ’ಯಲ್ಲೇ ಇತ್ತು. ‘ಹಾಕಿ’ ಎಂಬ ಒಂದು ಪದ ತಿಳಿಯಿತು. ಶಾಲೆಯಲ್ಲಿ ನಾನು ಕಬಡ್ಡಿ ಆಡಿದವಳು. ಆಟಕ್ಕೆ ಹೋದರೆ ಪಹರೆಯ ಕೆಲಸ ತಪ್ಪುತ್ತದೆ ಎನ್ನುವಷ್ಟು ಬುದ್ಧಿ ನನಗಿತ್ತು. ಕೈ ಎತ್ತಿದೆ. ಅದು ನೆಲದ ಹಾಕಿಯಲ್ಲ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾಲಿಗೆ ಬ್ಲೇಡು ಕಟ್ಟಿಕೊಂಡು ಆಡುವ ಹಾಕಿ ಎಂದು ಗೊತ್ತಾದದ್ದು ಮಧ್ಯಾಹ್ನ, ಕೆರೆಯ ದಂಡೆಯಲ್ಲಿ.

ಆವತ್ತು ನಾನು ಎಷ್ಟು ಸಲ ಬಿದ್ದೆ ಎನ್ನುವುದಕ್ಕಿಂತ, ಎಷ್ಟು ಸಲ ಎದ್ದೆ ಎಂದು ಹೇಳುವುದು ಸುಲಭ. ಮೂರು ಸಲ. ಮಿಕ್ಕ ಹೊತ್ತು ಹುಡುಗಿಯರೇ ಎಳೆದು ದಂಡೆಗೆ ಹಾಕಿದರು. ಕೊನೆಗೆ ಕೋಚ್ ಸರ್ ತಲೆ ಕೆರೆದುಕೊಂಡು, “ಈಕೆಗೆ ಓಡಾಡಲು ಬರುವುದಿಲ್ಲ. ಗೋಲಿನಲ್ಲಿ ನಿಲ್ಲಿಸಿ, ಅಗಲ ಇದ್ದಾಳೆ” ಎಂದರು. ಹೀಗೆ ನಾನು ಗೋಲ್‌ಕೀಪರ್ ಆದೆ. ದೊಡ್ಡ ಆಟಗಾರರಿಗೆಲ್ಲ ಚಿಕ್ಕಂದಿನ ಕನಸು ಎಂದು ಒಂದಿರುತ್ತದಂತೆ. ನನ್ನದು ಅಗಲ.

ಕಾಲಿಗೆ ದಿಂಬಿನಂಥ ದಪ್ಪ ಪಟ್ಟಿ, ಎದೆಗೆ ಗಾದಿಯಂಥದ್ದು, ಎಡಗೈಗೆ ಹಿಡಿಯುವ ದೊಡ್ಡ ಗವಸು, ಬಲಗೈಯಲ್ಲಿ ಅಗಲವಾದ ಕೋಲು, ತಲೆಗೆ ಜಾಳಿಗೆ. ಅದನ್ನೆಲ್ಲ ಕಟ್ಟಿಕೊಂಡು ನಿಂತರೆ ಎದುರಿನಿಂದ ಪಕ್ ಬರುತ್ತದೆ. ಪಕ್ ಎಂದರೆ ಚಪ್ಪಟೆ ಕರಿ ರಬ್ಬರಿನ ಬಿಲ್ಲೆ. ಆ ಚಳಿಗೆ ಅದು ಕಲ್ಲಾಗಿರುತ್ತದೆ. ಅದು ಬಂದಾಗ ಯಾರಿಗಾದರೂ ಸರಿಯಬೇಕೆನಿಸುತ್ತದೆ. ಸರಿಯದೆ ನಿಲ್ಲುವುದೇ ನನ್ನ ಕೆಲಸ ಎಂದು ಅರ್ಥವಾಗಲು ನನಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ಕೆರಿ ಮ್ಯಾಲೆ ಆಡ್ತೀವಿ ಬೇ.”

“ಕೆರಿ ಮ್ಯಾಲೆ ಅಂದ್ರ? ದಂಡಿ ಮ್ಯಾಲಾ?”

“ಅಲ್ಲಬೇ, ನೀರಿನ ಮ್ಯಾಲೆ. ಗಡ್ಡಿ ಕಟ್ಟಿರ್ತೈತಿ.”

ನಮ್ಮ ಕಡೆ ಕಾಲುವೆಗೆ ಬಿದ್ದವರ ಸುದ್ದಿ ವರ್ಷಕ್ಕೊಂದಾದರೂ ಇರುತ್ತದೆ. “ಈಸ ಬರ್ತೈತೇನು ನಿನಗ?” ಎಂದು ಅವ್ವ ಕೇಳಿದಳು. ಇಲ್ಲ ಎಂದೆ. “ಹಂಗಾರ ಏಪ್ರಿಲ್‌ನ್ಯಾಗ ಆಡಬ್ಯಾಡ” ಎಂದು ಫೋನಿಟ್ಟಳು. ಐಸ್ ಹಾಕಿಯ ಬಗ್ಗೆ ನಾನು ಕೇಳಿದ ಸಲಹೆಗಳಲ್ಲಿ ಅತ್ಯಂತ ಸರಿಯಾದದ್ದು ಅದೇ.

ಮೊದಲ ಪಂದ್ಯ ಬೇರೆ ತುಕಡಿಯ ಮೇಲೆ. ಎದುರಾಳಿ ಹುಡುಗಿಯೊಬ್ಬಳು ಪಕ್ ತಳ್ಳಿಕೊಂಡು ನನ್ನ ಹತ್ತಿರ ಬಂದಳು. ನನಗೆ ಏನು ಮಾಡಬೇಕೋ ತೋಚಲಿಲ್ಲ, ಮೈ ತಾನಾಗಿಯೇ ಕಬಡ್ಡಿಗೆ ಇಳಿಯಿತು. ಕೋಲು ಬಿಸಾಕಿ, ಮುಂದಕ್ಕೆ ಹಾರಿ, ಅವಳ ಹಿಮ್ಮಡಿ ಹಿಡಿದುಬಿಟ್ಟೆ. ಅವಳು ಅಡ್ಡಬಿದ್ದಳು, ಪಕ್ ನಿಧಾನವಾಗಿ ಜಾರಿ ಗೋಲಿನ ಒಳಗೆ ಹೋಯಿತು, ನಾನು ಹಿಡಿದ ಕಾಲು ಬಿಡಲಿಲ್ಲ. ರೆಫ್ರಿ ಮೂರು ಸಲ ಸೀಟಿ ಊದಿದ ಮೇಲೆ ಬಿಟ್ಟೆನಂತೆ. ಆ ದೃಶ್ಯವನ್ನು ನಮ್ಮ ಕ್ಯಾಂಪಿನಲ್ಲಿ ಈಗಲೂ ಹೊಸಬರಿಗೆ ಅಭಿನಯಿಸಿ ತೋರಿಸುತ್ತಾರೆ.

ನನಗೆ ಆಟ ಕಲಿಸಿದವಳು ಕುನ್ಜೆಸ್. ಝಂಸ್ಕಾರ್ ಕಣಿವೆಯ ಹುಡುಗಿ, ನನಗಿಂತ ಐದು ವರ್ಷ ಚಿಕ್ಕವಳು, ನನ್ನ ಭುಜದ ಮಟ್ಟ. ಏಳು ವರ್ಷದವಳಿದ್ದಾಗಿನಿಂದ ಅಣ್ಣಂದಿರ ಹಳೆಯ ಬೂಟಿನಲ್ಲಿ ಬಟ್ಟೆ ತುರುಕಿಕೊಂಡು ಆಡಿದವಳು. ಆಗಲೇ ದೇಶದ ತಂಡದ ಮೊದಲ ಗೋಲ್‌ಕೀಪರ್. ನನ್ನ ಹೆಸರನ್ನು ಪೂರ್ತಿ ಹೇಳಲು ಅವಳಿಗೆ ಆಗಲಿಲ್ಲ. ‘ಸುಂಕಲ’ ಬಿಟ್ಟು ‘ಅಮ್ಮ’ ಮಾತ್ರ ಇಟ್ಟುಕೊಂಡಳು, ಅದು ಅವಳ ಬಾಯಲ್ಲಿ ‘ಅಮಾ ಲೇ’ ಆಯಿತು. ಲಡಾಖಿಯಲ್ಲಿ ‘ಅಮಾ ಲೇ’ ಎಂದರೆ ತಾಯಿ. ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಒಂದು ಗಂಡನ್ನೂ ನೋಡದೆ, ನಾನು ಇಪ್ಪತ್ತು ಹುಡುಗಿಯರಿಗೆ ಅಮಾ ಲೇ ಆದೆ.

ಮೂರು ಚಳಿಗಾಲ ಅವಳು ನನ್ನನ್ನು ಬಗ್ಗಿಸಿ, ಕೂರಿಸಿ, ಎಬ್ಬಿಸಿ, ಬೈದು ಕಲಿಸಿದಳು. ನಾನು ಚೆನ್ನಾಗಿ ಆಡತೊಡಗಿದೆ ಎಂದು ಹೇಳಲಾರೆ. ಕೆಟ್ಟದಾಗಿ ಆಡುವುದು ಕಡಿಮೆಯಾಯಿತು. ಅಷ್ಟರಲ್ಲಿ ದೇಶದ ತಂಡ ಹೊರದೇಶಕ್ಕೆ ಹೋಗುವುದೆಂದಾಯಿತು. ತಂಡದ ಎರಡನೆಯ ಗೋಲ್‌ಕೀಪರ್ ಹುಡುಗಿಗೆ ಅದೇ ವಾರ ಕಾಲೇಜಿನ ಕೊನೆಯ ಪರೀಕ್ಷೆ. ದೇಶದಲ್ಲಿ ಆ ಕೆಲಸಕ್ಕೆ ಸಿಗುವವರು ಮತ್ತೆ ಯಾರಿದ್ದಾರೆ ಎಂದು ಹುಡುಕಿದಾಗ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಅವಳ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ನಾನು ಋಣಿ.

ಪಾಸ್‌ಪೋರ್ಟಿಗೆ ಊರಿನ ವಿಳಾಸ ಕೊಟ್ಟಿದ್ದೆ. ವಿಚಾರಣೆಗೆ ಠಾಣೆಯಿಂದ ದುರಗಪ್ಪ ಎಂಬ ಪೊಲೀಸರು ಬಂದರು. ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಅವ್ವ ಚಹಾ ಕೊಟ್ಟಳು. ಅವರು ಕಾಗದ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ಎದಕ್ಕ ಹೊಂಟೀಯವ್ವ ಫಾರಿನ್‌ಗೆ?”

“ಐಸ್ ಹಾಕಿ ಆಡಾಕ್ರಿ.”

“ಎಲ್ಲಿ ಕಲ್ತಿ?”

“ಲಡಾಖಿನ್ಯಾಗ್ರಿ.”

ಅವರು ಬಾಗಿಲಾಚೆ ಒಮ್ಮೆ ನೋಡಿದರು. ಏಪ್ರಿಲ್ ತಿಂಗಳು. ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. “ನಿಮ್ಮಪ್ಪ ಏನು ಮಾಡ್ತಾನ?”

“ಗಿರಣಿಯಾಗ ಹಮಾಲ್ರಿ.”

“ಅಲ್ಲವ್ವ, ನಾ ಇಪ್ಪತ್ತೆರಡು ವರ್ಷ ಆತು ಈ ಕೆಲಸ ಮಾಡಾಕತ್ತು. ದುಬೈ ಹೋಗೋರು, ಹಜ್ ಹೋಗೋರು, ಓದಾಕ ಹೋಗೋರು ಎಲ್ಲಾ ನೋಡೀನಿ. ಮರಳಿಯಿಂದ ಬರ್ಫಿನ ಮ್ಯಾಲೆ ಆಡಾಕ ಹೋಗೋರನ್ನ ಬರೀಬೇಕಂದ್ರ ಸಾಹೇಬ್ರು ನನ್ನ ಕೇಳ್ತಾರ, ಕುಡದಿಯೇನ ದುರಗಪ್ಪ ಅಂತ.” ಪೆನ್ನು ತೆಗೆದು, “ಬರೀ ಹಾಕಿ ಅಂತ ಬರೀತೀನಿ. ಸುಳ್ಳೇನಲ್ಲ ಅಲ?” ಎಂದರು. ಸುಳ್ಳಲ್ಲ ಎಂದೆ. ಹೋಗುವಾಗ, “ಗೆದ್ದು ಬಾ ತಂಗಿ, ಇಲ್ಲಂದ್ರ ನನಗ ತ್ರಾಸ್ ಆಕ್ಕೈತಿ” ಎಂದು ನಕ್ಕರು.

ನಾವು ಆಡಲು ಹೋದ ದೇಶದಲ್ಲಿ ಹೊರಗೆ ನಮ್ಮ ಗಂಗಾವತಿಯ ಬಿಸಿಲು. ಆಟದ ಅಂಗಳ ಒಂದು ದೊಡ್ಡ ಮಾಲ್‌ನ ಒಳಗೆ. ಬಟ್ಟೆ ಅಂಗಡಿ ದಾಟಿ, ಊಟದ ಅಂಗಡಿ ದಾಟಿ, ಗಾಜಿನ ಬಾಗಿಲು ತೆಗೆದರೆ ಲಡಾಖಿನ ಡಿಸೆಂಬರ್. ದೇಶದ ಹೆಸರು ಬರೆದ ಜೆರ್ಸಿ ಕೊಟ್ಟಾಗ ನಾನು ಕೋಣೆಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಹಾಕಿ ನೋಡಿದೆ. ಕನ್ನಡಿ ಎತ್ತರದಲ್ಲಿತ್ತು, ಕುತ್ತಿಗೆಯವರೆಗೆ ಮಾತ್ರ ಕಂಡಿತು. ಹೆಸರು ನೋಡಬೇಕೆಂದು ಕಮೋಡಿನ ಮೇಲೆ ಹತ್ತಿ ಬೆನ್ನು ತಿರುಗಿಸಿದೆ. ಅಷ್ಟರಲ್ಲಿ ಕುನ್ಜೆಸ್ ಬಾಗಿಲು ಬಡಿದಳು, ನಾನು ಜಾರಿದೆ. ನನ್ನ ಅಂತರರಾಷ್ಟ್ರೀಯ ಜೀವನದ ಮೊದಲ ಗಾಯ ಅಲ್ಲಿ ಆಯಿತು.

ಎರಡನೆಯ ಗೋಲ್‌ಕೀಪರಳ ಕೆಲಸವೇನೆಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಅವಳು ಬಾಗಿಲು ತೆಗೆಯುತ್ತಾಳೆ. ಐಸ್ ಹಾಕಿಯಲ್ಲಿ ನಿಮಿಷಕ್ಕೊಮ್ಮೆ ಆಟಗಾರ್ತಿಯರು ದಣಿದು ಒಳಗೆ ಬರುತ್ತಾರೆ, ಬೇರೆಯವರು ಹೊರಗೆ ಹೋಗುತ್ತಾರೆ. ಬೆಂಚಿನ ಮುಂದೆ ಗಿಡ್ಡ ಬಾಗಿಲೊಂದಿದೆ. ಅವರು ಬರುವ ಹೊತ್ತಿಗೆ ಅದು ತೆರೆದಿರಬೇಕು, ಬಂದ ಕೂಡಲೇ ಮುಚ್ಚಬೇಕು. ತಡವಾದರೆ ಓಡಿ ಬಂದವಳು ಹಲಗೆಗೆ ಡಿಕ್ಕಿ ಹೊಡೆಯುತ್ತಾಳೆ. ಮೂರು ಪಂದ್ಯ ನಾನು ಆ ಬಾಗಿಲು ಕಾದೆ. ನಡುನಡುವೆ ನೀರಿನ ಬಾಟಲಿ ತುಂಬಿದೆ. ಎರಡರಲ್ಲೂ ನನ್ನಿಂದ ಒಂದು ತಪ್ಪೂ ಆಗಲಿಲ್ಲ.

ಊರಲ್ಲಿ ಕೃಷ್ಣ ಪಂದ್ಯಗಳನ್ನು ಮೊಬೈಲಿನಿಂದ ಟಿವಿಗೆ ಹಾಕಿದ್ದ. ನಮ್ಮ ಮನೆಯ ಟಿವಿ ಚಿಕ್ಕದೆಂದು ಪಕ್ಕದ ಮನೆಯ ಕಾಸೀಮಬೀ ಚಿಗವ್ವ ತಮ್ಮ ಪಡಸಾಲೆಯಲ್ಲೇ ಎಲ್ಲರನ್ನೂ ಕೂರಿಸಿದ್ದಳಂತೆ. ಮಂಡಕ್ಕಿ, ಮಿರ್ಚಿ, ಹದಿನೈದು ಇಪ್ಪತ್ತು ಜನ. ಎರಡನೆಯ ಪಂದ್ಯ ಮುಗಿದ ಮೇಲೆ ಕೃಷ್ಣ ಫೋನ್ ಮಾಡಿದ.

“ಅಕ್ಕಾ, ನಿನ್ನ ನೋಡಿದ್ವಿ.”

“ಎಲ್ಲಿ ನೋಡಿದ್ರಿ? ನಾ ಆಡಿಲ್ಲಲ?”

“ಬಾಗಲಾ ತಗಿಯೋದು ನೋಡಿದ್ವಿ. ಎಲ್ಲಾರೂ ಚಪ್ಪಾಳಿ ಹೊಡದ್ರು. ಅಪ್ಪ ಹೇಳಾಕತ್ತಿದ್ದ, ಅಷ್ಟು ಮಂದಿ ಒಳಗ ಹೊರಗ ಮಾಡಿದ್ರೂ ಒಬ್ಬರಿಗೂ ಬಾಗಲಾ ಬಡಿಲಿಲ್ಲ ಅಂತ.”

ನಾಲ್ಕನೆಯದು ಮೂರನೆಯ ಸ್ಥಾನಕ್ಕೆ ಪಂದ್ಯ. ಗೆದ್ದರೆ ಕಂಚಿನ ಪದಕ. ಒಟ್ಟು ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ. ಎರಡನೆಯ ಭಾಗ ಮುಗಿಯಲು ನಾಲ್ಕು ನಿಮಿಷ ಇದ್ದಾಗ ನಾವು ಮೂರು, ಅವರು ಎರಡು. ಆಗ ಗೋಲಿನ ಮುಂದೆ ಗುಂಪಾಯಿತು, ಎರಡು ಮೂರು ಜನ ಒಟ್ಟಿಗೆ ಕುನ್ಜೆಸ್‌ಳ ಮೇಲೆ ಬಿದ್ದರು. ಎಲ್ಲರೂ ಎದ್ದರು, ಅವಳು ಏಳಲಿಲ್ಲ. ಮೊಣಕಾಲು ತಿರುಚಿಹೋಗಿತ್ತು. ಅವಳನ್ನು ಹೊತ್ತು ತಂದಾಗ ಬಾಗಿಲು ತೆಗೆದವಳು ನಾನೇ. ಮುಚ್ಚಬೇಕೆಂದು ಕೈ ಹಾಕಿದೆ. ಕೋಚ್ ಸರ್ ನನ್ನ ಭುಜ ಹಿಡಿದು, “ಮುಚ್ಚಬೇಡ, ಹೋಗು” ಎಂದರು.

ಹೋದೆ. ಒಂದು ಹೆಜ್ಜೆ. ಬೂಟಿನ ಬ್ಲೇಡು ಸವೆಯದಿರಲೆಂದು ಬೆಂಚಿನಲ್ಲಿ ಕೂತಾಗ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿರುತ್ತೇವೆ. ಮಂಜಿಗೆ ಇಳಿಯುವ ಮುನ್ನ ತೆಗೆಯಬೇಕು. ನಾನು ತೆಗೆದಿರಲಿಲ್ಲ. ನನ್ನ ದೇಶಕ್ಕಾಗಿ ನಾನು ಮಾಡಿದ ಮೊದಲ ಕೆಲಸ ಎರಡೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದದ್ದು. ಇಡೀ ಮಾಲ್ ನಕ್ಕಿತು. ಎದುರಾಳಿ ತಂಡದ ಹುಡುಗಿಯೊಬ್ಬಳು ಬಂದು ಹೊದಿಕೆ ಬಿಚ್ಚಿಕೊಟ್ಟಳು. ನೋವಿನಲ್ಲಿ ಮಲಗಿದ್ದ ಕುನ್ಜೆಸ್ ಕೂಡ ನಕ್ಕಳೆಂದು ಆಮೇಲೆ ಗೊತ್ತಾಯಿತು. ಕಾಸೀಮಬೀಯ ಪಡಸಾಲೆಯಲ್ಲಿ ಮಾತ್ರ ಯಾರೂ ನಗಲಿಲ್ಲವಂತೆ. ಅದೂ ಆಟದ ಒಂದು ಪಟ್ಟು ಎಂದುಕೊಂಡರಂತೆ.

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಹೆದರಿಕೆ ಹೆಚ್ಚಾದರೆ ನನಗೆ ಕಿವಿ ಕೇಳುವುದಿಲ್ಲ. ಸದ್ದಿಲ್ಲದ ಟಿವಿಯ ಹಾಗೆ ಎದುರಿನವರು ಬಂದರು, ಹೋದರು. ಒಂದು ಪಕ್ ಪಟ್ಟಿಗೆ ಬಡಿಯಿತು, ಒಂದು ಎದೆಗೆ. ಒಂದು ನನ್ನ ಜಾಳಿಗೆಗೆ ಬಡಿದು ಆಕಾಶಕ್ಕೆ ಹಾರಿತು. ಅದನ್ನು ನಾನು ತಡೆದೆ ಎಂದು ಲೆಕ್ಕಕ್ಕೆ ಬರೆದುಕೊಂಡಿದ್ದಾರೆ. ನನಗೆ ಅದು ಎಲ್ಲಿಂದ ಬಂತೆಂದೇ ಗೊತ್ತಿಲ್ಲ. ಮೂರನೆಯ ಭಾಗ ಕಳೆಯುತ್ತ ಬಂದರೂ ಗೋಲು ಮೂರು ಎರಡರಲ್ಲೇ ಇತ್ತು. ನಮ್ಮ ಹುಡುಗಿಯರು ನನ್ನ ಮುಂದೆ ಮಲಗಿ, ಉರುಳಿ, ತಡೆಯುತ್ತಿದ್ದರು. ಗಡಿಯಾರ ನೋಡಬಾರದು ಎಂದು ಕುನ್ಜೆಸ್ ಹೇಳಿಕೊಟ್ಟಿದ್ದಳು. ನೋಡಿದೆ. ನಲವತ್ತೊಂದು ಸೆಕೆಂಡು ಬಾಕಿ.

ಆ ಸೆಕೆಂಡಿನಲ್ಲೇ ಪಕ್ ಬಂತು. ನನ್ನ ಎಡಕ್ಕೆ, ಸೊಂಟದ ಎತ್ತರಕ್ಕೆ. ಎಡಗೈಯಲ್ಲಿ ಹಿಡಿಯುವ ಗವಸು ಇದೆ, ಚಾಚಿದರೆ ಸಾಕು. ಆದರೆ ಹುಟ್ಟಿದಾಗಿನಿಂದ ಎಲ್ಲ ಕೆಲಸಕ್ಕೂ ಮುಂದಾದದ್ದು ನನ್ನ ಬಲಗೈ. ಅದು ಕೋಲಿನ ಸಮೇತ ಎದೆಯ ಮುಂದಿನಿಂದ ಎಡಕ್ಕೆ ಹೋಯಿತು, ಎಡಗೈ ಅದರ ಕೆಳಗೆ ಸಿಕ್ಕಿಕೊಂಡಿತು, ಪಕ್ ಎರಡನ್ನೂ ದಾಟಿ ಬಲೆಗೆ ಬಡಿಯಿತು. ಮೂರು ಮೂರು. ಮೊದಲು ಗೋಲು ಹೊಡೆದವರೇ ಗೆಲ್ಲುವ ಹೆಚ್ಚುವರಿ ಆಟದ ಮೂರನೆಯ ನಿಮಿಷಕ್ಕೆ ಮತ್ತೊಂದು ಬಂತು, ಅದನ್ನು ಯಾರೂ ತಡೆಯಲಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಳ್ಳುತ್ತೇನೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಬಹುದಿತ್ತು. ಪಟ್ಟಿಗಳನ್ನು ಬಿಚ್ಚದೆ ಅಲ್ಲೇ ಗೋಡೆಗೆ ಒರಗಿ ಕೂತೆ. ಕಾಲಡಿಯ ಮಂಜು ಕರಗಿ ನೀರಾಗಿ ಹರಿಯಿತು. ಕೊನೆಗೆ ಒಬ್ಬ ಹುಡುಗಿ ಬಂದು ಪಟ್ಟಿಯ ಬಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಳು. ಇದನ್ನು ನಗಿಸುವ ಹಾಗೆ ಹೇಳಲು ನಾನು ಸುಮಾರು ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ.

ಮೇ ತಿಂಗಳಲ್ಲಿ ಊರಿಗೆ ಬಂದಾಗ ಎಲ್ಲರೂ ‘ಗೆದ್ದು ಬಂದಳು’ ಎಂದೇ ಮಾತಾಡಿಸಿದರು. ಸೋತೆವು ಎಂದರೆ, “ಇರ್ಲಿ ಬಿಡವ್ವ, ನಾಲ್ಕನೇದಂದ್ರ ಕಡಿಮೆ ಏನು?” ಎಂದರು. ಎಷ್ಟು ತಂಡ ಇದ್ದವು ಎಂದು ಯಾರೂ ಕೇಳಲಿಲ್ಲ, ಸದ್ಯ. ಅಪ್ಪ ಮಾತ್ರ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಗಿರಣಿಯಿಂದ ಬಂದು ಕೈಕಾಲು ತೊಳೆದು, ನನ್ನ ಪಕ್ಕದಲ್ಲಿ ಕೂತ.

“ಸುಂಕವ್ವ, ಒಂದು ಮಾತು ಕೇಳ್ಲ್ಯಾ?”

“ಕೇಳಪ್ಪ.”

“ಆ ಮೂರನೇದು. ಎಡಗೈಲೆ ಹಿಡಿಬಹುದಿತ್ತಲ?”

ನಾನು ಅವನ ಮುಖ ನೋಡಿದೆ. ಕೃಷ್ಣನ ಹತ್ತಿರ ಆ ಪಂದ್ಯವನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಗಿರಣಿಯ ಮೂಟೆಗಳ ಮೇಲೆ ಕೂತು, ಊಟದ ಹೊತ್ತಿನಲ್ಲಿ ದಿನಾ ನೋಡಿದ್ದನಂತೆ. ಒಂದು ಅಕ್ಷರ ಓದಲು ಬರದವನು, ಐಸ್ ಹಾಕಿಯ ಒಂದು ನಿಯಮವನ್ನೂ ಯಾರಿಂದಲೂ ಕೇಳದವನು, ನೋಡಿ ನೋಡಿಯೇ ಆಟ ಕಲಿತಿದ್ದ. ಕೋಚ್ ಸರ್ ಹೇಳಿದ್ದನ್ನೇ ಅವನೂ ಹೇಳಿದ.

“ಹೌದಪ್ಪ. ಹಿಡಿಬಹುದಿತ್ತು.”

“ಮೂಟಿ ಹೊರೋರಿಗೂ ಹಂಗ ಆಕ್ಕೈತಿ,” ಎಂದ. “ಹೊಸಬರು ಎಲ್ಲಾ ಬಲಭುಜಕ್ಕ ಹೊರ್ತಾರ. ಎಡಕ್ಕ ಹೊರಾಕ ಒಂದು ವರ್ಷ ಬೇಕು. ದಿನಾ ಎಡಗೈಲೆ ಉಣ್ಣು, ರೂಢಿ ಆಕ್ಕೈತಿ.” ಎಡಗೈಯಲ್ಲಿ ಉಂಡರೆ ಅವ್ವ ಬಡಿಯುತ್ತಾಳೆ ಎಂದೆ. “ಅಲ್ಲಿ ಉಣ್ಣು, ಇಲ್ಲಿ ಬ್ಯಾಡ” ಎಂದು ತೀರ್ಪು ಕೊಟ್ಟ.

ಉಂಡೆ. ಎಡಗೈ ಚುರುಕಾಯಿತು, ಅಂಗಿಯ ಮೇಲೆ ಸಾರೂ ಬಿತ್ತು. ಆದರೆ ಅಷ್ಟರಲ್ಲಿ ಹದಿನೆಂಟು ಹತ್ತೊಂಬತ್ತರ ಲಡಾಖಿ ಹುಡುಗಿಯರು ಬಂದರು. ನಾನು ಮೂರು ವರ್ಷದಲ್ಲಿ ಕಲಿತದ್ದನ್ನು ಅವರು ನಡೆಯುವ ಮುಂಚೆ ಕಲಿತಿದ್ದರು. ನಾನು ಮತ್ತೆ ಬಾಗಿಲಿಗೆ ಬಂದೆ. ಮರುವರ್ಷ, ಎಂಟು ಗೋಲು ಹಿಂದಿದ್ದ ಪಂದ್ಯದ ಕೊನೆಯ ಹನ್ನೊಂದು ನಿಮಿಷ ಆಡಲು ಬಿಟ್ಟರು. ಒಂದು ಗೋಲು ಬಿಟ್ಟೆ, ಹೊದಿಕೆ ತೆಗೆದು ಇಳಿದಿದ್ದೆ. ಅದರ ನಂತರವೂ ನಾಲ್ಕು ವರ್ಷ ಶಿಬಿರಕ್ಕೆ ಕರೆದರು, ಕಿಟ್ ಹೊತ್ತೆ, ಬಾಟಲಿ ತುಂಬಿದೆ. ಮೂವತ್ತೆರಡಕ್ಕೆ ಬೆನ್ನು ಸಾಕೆಂದಿತು. ಈಗ ನಮ್ಮ ಪಡೆಯ ತಂಡದ ಬ್ಲೇಡುಗಳಿಗೆ ಸಾಣೆ ಹಿಡಿಯುವ ಕೆಲಸ ನನ್ನದು. ಒಂದು ಬೆರಳು ತುಸು ಗಿಡ್ಡವಾಗಿದೆ, ಅಷ್ಟೇ.

ಕಳೆದ ಏಪ್ರಿಲ್‌ನಲ್ಲಿ ನಾನು ರಜೆಯ ಮೇಲೆ ಮರಳಿಯಲ್ಲಿದ್ದೆ. ಕುನ್ಜೆಸ್ ಹಂಪಿ ನೋಡಲು ಬರುತ್ತೇನೆ ಎಂದಳು. ಈ ತಿಂಗಳಲ್ಲಿ ಬೇಡ ಎಂದೆ. ಅವಳಿಗೆ ಬೇಸಿಗೆ ಎಂದರೆ ಹೂವು ಅರಳುವ ಕಾಲ. ಹೊಸಪೇಟೆಯಲ್ಲಿ ರೈಲು ಇಳಿದು ಬಸ್ಸಿನಲ್ಲಿ ಗಂಗಾವತಿಗೆ ಬರುವಷ್ಟರಲ್ಲಿ ಅವಳ ಮುಖ ಬೀಟ್‌ರೂಟ್ ಆಗಿತ್ತು. ಮೈನಸ್ ಇಪ್ಪತ್ತರಲ್ಲಿ ತೋಳು ಬಿಟ್ಟುಕೊಂಡು ಓಡಾಡುವವಳು ನಮ್ಮ ಪಡಸಾಲೆಯ ಬಂಡೆಯ ಮೇಲೆ ಒದ್ದೆ ಟವೆಲ್ ಹೊದ್ದು ಮಲಗಿ, ಫ್ಯಾನನ್ನೇ ನೋಡುತ್ತ, ಹಂಪಿ ಬೇಡ ಎಂದಳು. ನನಗೆ ಒಳಗೊಳಗೇ ಸಂತೋಷವಾಯಿತು ಎಂದರೆ ಕೆಟ್ಟವಳೆನಿಸಿಕೊಂಡೇನು. ಹನ್ನೆರಡು ವರ್ಷ ಅವಳ ಊರಿನಲ್ಲಿ ನಾನು ಬಿದ್ದದ್ದಕ್ಕೆ ಒಂದು ದಿನ ನಮ್ಮ ಊರಿನಲ್ಲಿ ಅವಳೂ ಬಿದ್ದಿದ್ದಳು.

ಸಂಜೆ ಸ್ವಲ್ಪ ತಂಪಾದ ಮೇಲೆ ಎದ್ದು ಕೂತು ಅನ್ನ ಮಜ್ಜಿಗೆ ಉಂಡಳು. ಕಾಸೀಮಬೀ ಚಿಗವ್ವ ಅತಿಥಿಯನ್ನು ನೋಡಲೆಂದು ಬಂದು ಹೊಸ್ತಿಲ ಹತ್ತಿರ ಕೂತಿದ್ದಳು. ಅವ್ವನಿಗೆ ಹಿಂದಿ ಬರುವುದಿಲ್ಲ, ಕುನ್ಜೆಸ್‌ಗೆ ಕನ್ನಡ ಬರುವುದಿಲ್ಲ, ನಡುವೆ ನಾನು. ಅವ್ವ ಕೇಳಿದ್ದನ್ನು ಆ ಕಡೆ ದಾಟಿಸುವುದು, ಅವಳು ಹೇಳಿದ್ದನ್ನು ಈ ಕಡೆ. ಅಣ್ಣತಮ್ಮಂದಿರು ಎಷ್ಟು, ಹೊಲ ಎಷ್ಟು, ಕುರಿ ಎಷ್ಟು. ಎಲ್ಲ ಸರಾಗವಾಗಿ ನಡೆದಿತ್ತು.

ಆಗ ಕುನ್ಜೆಸ್ ಕೈ ಒರೆಸಿಕೊಂಡು, ಅವ್ವನ ಕಡೆ ತಿರುಗಿ, ಹಿಂದಿಯಲ್ಲಿ ಉದ್ದಕ್ಕೆ ಏನೋ ಹೇಳತೊಡಗಿದಳು. ನಾನು ಕಣ್ಣಲ್ಲೇ ಬೇಡ ಎಂದೆ, ಅವಳಿಗೆ ಕಾಣಲಿಲ್ಲ. ಅವಳು ಮುಗಿಸಿ ನನ್ನ ಮುಖ ನೋಡಿದಳು.

“ಏನಂತವ್ವ?” ಅವ್ವ ಕೇಳಿದಳು.

“ಊಟ ಭಾಳ ಛಲೋ ಆಗೇತಿ ಅಂತ.”

“ಅಷ್ಟೊತ್ತು ಊಟದ್ದ ಹೇಳಿದಳಾ?”

“ಮಜ್ಜಿಗಿನೂ ಛಲೋ ಐತಂತ.”

ಹೊಸ್ತಿಲ ಹತ್ತಿರದಿಂದ ಕ್ಯಾಕರಿಸಿದ ಸದ್ದು ಬಂತು. ಕಾಸೀಮಬೀ ಚಿಗವ್ವನ ಮನೆಮಾತು ಉರ್ದು ಎನ್ನುವುದು ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲಿ ಬೆಳೆದ ನನಗೆ ಆ ಹೊತ್ತಿಗೆ ಮರೆತೇಹೋಗಿತ್ತು.

“ಸುಳ್ಳ ಹೇಳಾಕತ್ಯಾಳ ನಿನ್ನ ಮಗಳು, ಅನುಸೂಯವ್ವ. ಆ ಹುಡುಗಿ ಊಟದ ಮಾತ ಎತ್ತಿಲ್ಲ,” ಎಂದಳು. “ಆಕಿ ಹೇಳಿದ್ದು ನಾ ಹೇಳ್ತೀನಿ ಕೇಳು. ಮೊಣಕಾಲು ಮುರಕೊಂಡಿದ್ದಳಲ, ಅದರ ಆಪರೇಶನ್ನು ದಿಲ್ಲಿಯಾಗ ಆತಂತ. ಆಕಿ ಅವ್ವಗ ಬರಾಕ ಬರ್ಫ್ ಬಿದ್ದು ದಾರಿ ಬಂದ್ ಆಗಿತ್ತಂತ. ನಿನ್ನ ಮಗಳು ಇಪ್ಪತ್ತು ದಿನ ರಜಾ ಹಾಕಿ ದವಾಖಾನಿಯಾಗ ಬಾಜುಕ ಕುಂತಾಳ. ಜಳಕ ಮಾಡಿಸ್ಯಾಳ, ತಲಿ ಬಾಚ್ಯಾಳ, ಹೆಗಲಿಗೆ ಹಾಕ್ಕೊಂಡು ನಡಸ್ಯಾಳ. ನಾವು ಹುಡುಗ್ಯಾರು ಆಕಿನ್ನ ಅಮಾ ಅಂತ ಮೊದಲು ಚ್ಯಾಷ್ಟಿಗೆ ಕರೀತಿದ್ವಿ, ಆವತ್ತಿಂದ ಚ್ಯಾಷ್ಟಿಗಲ್ಲ ಅಂತಾಳ.”

ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಹೆದರಿದ್ದು ಹೊಗಳಿಕೆಗಲ್ಲ. ಆ ಆಪರೇಶನ್ ಆದದ್ದು ಕಾಲು ತಿರುಚಿದ ಮರುವರ್ಷ, ಮಾರ್ಚ್ ತಿಂಗಳಲ್ಲಿ. ಅದೇ ಮಾರ್ಚಿನಲ್ಲಿ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿದ ನಮ್ಮ ಈ ಹೊಸ ಮನೆಯ ಪ್ರವೇಶ ಆಗಿತ್ತು. ನನಗೆ ರಜೆ ಕೊಡಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆ. ಮಗಳಿಲ್ಲದೆ ಹಾಲು ಉಕ್ಕಿಸಿದೆ ಎಂದು ಅವ್ವ ವರ್ಷಗಟ್ಟಲೆ ಎತ್ತಿ ಆಡಿದ್ದಳು, ನಮ್ಮ ಅಧಿಕಾರಿಗಳಿಗೆ ಹಿಡಿಶಾಪ ಹಾಕಿದ್ದಳು.

“ರಜಾ ಕೊಡಲಿಲ್ಲ ಅಂದಿದ್ದಿ.”

“ಕೊಟ್ಟಿದ್ರು ಬೇ.”

“ಅವರಿಗೆ ಬೈಸಿದಿ ನನ್ನ ಕಡಿಂದ.”

“ಹೂಂ ಬೇ.”

ಅವ್ವ ಎದ್ದು ಒಳಗೆ ಹೋದಳು. ಕಸಬರಿಗೆ ತರಲು ಹೋದಳೆಂದುಕೊಂಡೆ. ಮೂವತ್ತೈದು ವರ್ಷದವಳಾದರೂ ನಾನು ಗೋಡೆಯ ಕಡೆ ಒಂದು ಹೆಜ್ಜೆ ಸರಿದೆ. ಅವಳು ಕನ್ನಡಕ ಹಾಕಿಕೊಂಡು ಬಂದು ಕುನ್ಜೆಸ್‌ಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಕಾಸೀಮವ್ವ, ಕೇಳಾಕಿನ್ನ. ಕಾಲು ಈಗ ಹೆಂಗೈತಂತ?”

ಕಾಸೀಮಬೀ ಕೇಳಿದಳು. ಕುನ್ಜೆಸ್ ನಕ್ಕು, ಪ್ಯಾಂಟು ಮೊಣಕಾಲಿನ ಮೇಲಕ್ಕೆ ಮಡಚಿ, ಹೊಲಿಗೆಯ ಗುರುತು ತೋರಿಸಿದಳು. ಅವ್ವ ಅದರ ಮೇಲೆ ಮೆಲ್ಲಗೆ ಬೆರಳು ಆಡಿಸಿ, ಬಗ್ಗಿ ನೋಡಿದಳು. ನನ್ನ ಕಡೆ ತಿರುಗಲೇ ಇಲ್ಲ.

“ಬೆಳಕಿಗೆ ಅಡ್ಡ ನಿಂತೀಯಲ, ಸರಿ ಅತ್ಲಾಗ” ಎಂದಳು.

ಸರಿದು ನಿಂತೆ.